ಕೊರಿಯನ್ ಪಾಠಕ್ಕೊಂದು ದೃಷ್ಟಿಬೊಟ್ಟು

ತಂಬ್ರಹಳ್ಳಿ ದಾಟಿ ಮೂರು ಮೈಲು ಒಳಕ್ಕೆ ಬಂದರೆ ಸಿಗುವ ಊರಿನಲ್ಲಿ ಹೊನ್ನೂರಸ್ವಾಮಿ ನೀರು ಬಿಡುವವನು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಮಾಡಿದ ಅಕ್ರಮ ಒಂದೇ ಒಂದು. ದಿನಾ ಬೆಳಗ್ಗೆ ಏಳು ಗಂಟೆಗೆ ಚಾಲೂ ಮಾಡಬೇಕಾದ ಪಂಚಾಯ್ತಿ ಮೋಟರನ್ನು ಮಂಗಳವಾರ ಮತ್ತು ಶುಕ್ರವಾರ ಮಾತ್ರ ಏಳೂ ಇಪ್ಪತ್ತಕ್ಕೆ ಚಾಲೂ ಮಾಡುತ್ತಿದ್ದ. ಕೊಡ ಹಿಡಿದು ನಿಂತ ಹೆಣ್ಣುಮಕ್ಕಳು ಕೇಳಿದರೆ “ಕರೆಂಟು ಸಣ್ಣಗೈತಿ” ಅನ್ನುತ್ತಿದ್ದ. ಕರೆಂಟು ಸಣ್ಣಗಿರುತ್ತಿರಲಿಲ್ಲ. ಮೋಟರ್ ಮನೆಯ ಗೋಡೆಗೆ ಹಚ್ಚಿಕೊಂಡೇ ಅವನ ಮನೆ, ಮೋಟರ್ ಹಾಕಿದರೆ ಒಳಗೆ ಆಡಿದ ಮಾತು ಕೇಳುತ್ತಿರಲಿಲ್ಲ. ಆ ಮನೆಯ ಒಳಕೋಣೆಯಲ್ಲಿ, ಜೋಳದ ಚೀಲಗಳ ನಡುವೆ, ಹೊರಗಿನ ಸದ್ದು ಒಳಗೆ ಬಾರದಂತೆ ಸುತ್ತಲೂ ಹಳೆ ಸೀರೆ ಸೇರಿಸಿ ಹೊಲಿದ ನಾಲ್ಕು ಕೌದಿ ಇಳಿಬಿಟ್ಟುಕೊಂಡು, ಅವನ ಮಗಳು ಯಶೋಧರಾ ಆ ಹೊತ್ತಿನಲ್ಲಿ ಲೋಕಕ್ಕೆ ಕೊರಿಯನ್ ಭಾಷೆ ಕಲಿಸುತ್ತಿದ್ದಳು.

ಲೋಕಕ್ಕೆ ಅಂದದ್ದು ಹೆಚ್ಚಿನ ಮಾತಲ್ಲ. ಕೂಡ್ಲಿಗಿಯಲ್ಲಿ ಕೇಳುವವರಿದ್ದರು, ಹಡಗಲಿಯಲ್ಲಿದ್ದರು, ದುಬೈಯಲ್ಲಿ ಒಬ್ಬನಿದ್ದ. ‘ಕೊರಿಯನ್ ಕಲಿಯೋಣ ಬರ್ರಿ’ ಎಂದು ಅದರ ಹೆಸರು. ಪಾಡ್‌ಕಾಸ್ಟ್ ಎಂದರೆ ನಮಗೆ ಬೇಕೆನಿಸಿದಾಗ ಫೋನಿನಲ್ಲಿ ಹಚ್ಚಿಕೊಂಡು ಕೇಳುವ ರೇಡಿಯೋ ಎಂದು ಯಶೋಧರಾ ಅಪ್ಪನಿಗೆ ತಿಳಿಸಿ ಹೇಳಿದ್ದಳು. ಕೊಟ್ಟೂರಿನಲ್ಲಿ ಬಿ.ಕಾಂ. ಓದುವಾಗ ಹಾಸ್ಟೆಲ್ಲಿನಲ್ಲಿ ಕೊರಿಯಾದ ಧಾರಾವಾಹಿ ನೋಡಿ ನೋಡಿ, ಆಮೇಲೆ ಬರೆದು ಬರೆದು, ಆರು ದಪ್ಪ ನೋಟ್‌ಬುಕ್ಕು ತುಂಬಿಸಿ ಕಲಿತ ಭಾಷೆ ಅದು. ಯಾರೂ ಕೈ ಹಿಡಿದು ಕಲಿಸಿದ್ದಲ್ಲ.

ಅವಳು ಪಾಠ ಹೇಳುವಷ್ಟು ಹೊತ್ತು ಹೊನ್ನೂರಸ್ವಾಮಿ ಗೋಡೆಯ ಈಚೆ ಬದಿಗೆ, ವಾಲ್ ತಿರುಗಿಸುವ ಕಬ್ಬಿಣದ ಕೀಲಿ ತೊಡೆಯ ಮೇಲಿಟ್ಟುಕೊಂಡು, ಕಿವಿ ಕೊಟ್ಟು ಕೂತಿರುತ್ತಿದ್ದ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೂ ಮೊದಲನೇ ಪಾಠ ಅವನಿಗೆ ಬಾಯಿಪಾಠವಾಗಿತ್ತು.

“ನೀರು ಅನ್ನಾಕ ಅವರು ಮುಲ್ ಅಂತಾರ. ನೀರು ಕೊಡ್ರಿ ಅನ್ನಾಕ ಮುಲ್ ಜುಸೆಯೊ. ನಾವು ದೊಡ್ಡೋರ ಜೊತಿಗೆ ಮಾತಾಡುವಾಗ ಕೊನಿಗೆ ‘ರಿ’ ಹಚ್ತೀವಲ್ಲ, ಹಂಗ ಅವರು ‘ಯೊ’ ಹಚ್ತಾರ. ಆ ‘ಯೊ’ ಬಿಟ್ಟು ಮಾತಾಡಿದ್ರ ‘ಲೇ’ ಅಂದಂಗ ಆಗ್ತೈತಿ, ಹುಷಾರು. ನಮ್ಮಪ್ಪ ನೀರು ಬಿಡೋರು. ಅದಕ್ಕ ಮೊದಲನೇ ಪಾಠ ನೀರಿಂದ.”

ಈ ಕೊನೆಯ ಮಾತು ಬಂದಾಗಲೆಲ್ಲ ಹೊನ್ನೂರಸ್ವಾಮಿ ಕೀಲಿಯನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಪ್ರತಿ ಪಾಠದ ಕೊನೆಗೂ ಅವಳದೊಂದು ಬೇಡಿಕೆ ಇರುತ್ತಿತ್ತು: “ಪಾಠ ಹಿಡಿಸಿದ್ರ ಸ್ಟಾರ್ ಒತ್ರಿ. ಹಿಡಿಸದಿದ್ರೂ ಒತ್ರಿ. ಒತ್ತದಂಗ ಮಾತ್ರ ಹೋಗಬ್ಯಾಡ್ರಿ.”

ಆ ವಾರ ಈ ಬೇಡಿಕೆಗೆ ತೂಕ ಬಂದಿತ್ತು. ಬೆಂಗಳೂರಿನಲ್ಲಿ ಭಾಷೆ ಕಲಿಸುವ ಒಂದು ಸಂಸ್ಥೆಯವರು, ಕನ್ನಡದವರಿಗೆ ಕೊರಿಯನ್ ಹೇಳಿಕೊಡಲು ಒಬ್ಬರನ್ನು ಹುಡುಕುತ್ತಿದ್ದರು. ಮನೆಯಲ್ಲಿ ಕೂತೇ ಫೋನಿನಲ್ಲಿ ಕಲಿಸುವ ಕೆಲಸ. ಶನಿವಾರ ಸಂಜೆ ಐದರೊಳಗೆ ನೂರು ಜನ ಸ್ಟಾರ್ ಒತ್ತಿರಬೇಕು, ಆಮೇಲೆ ನೋಡೋಣ ಅಂದಿದ್ದರು. ಅದು ಆಗದಿದ್ದರೆ ಸೋಮವಾರದಿಂದ ಯಶೋಧರಾ ಹೊಸಪೇಟೆಯ ಸೀರೆ ಅಂಗಡಿಯಲ್ಲಿ ಬಿಲ್ಲು ಬರೆಯಲು ಹೋಗಬೇಕು. ಅಲ್ಲಿಯ ಮಾಲಕನಿಗೆ ಮಾತು ಕೊಟ್ಟಾಗಿತ್ತು. ಕೌದಿಗಳನ್ನು ಬಿಚ್ಚಿ ಮಡಿಸುವುದೊಂದೇ ಬಾಕಿ.

ಇಲ್ಲಿ ಹೊನ್ನೂರಸ್ವಾಮಿಯ ಒಂದು ಸ್ವಭಾವ ಹೇಳಬೇಕು. ಅವನು ಹುಟ್ಟಿದಾಗಿನಿಂದ ಯಾವುದನ್ನೂ ಪೂರ್ತಿ ಹೊಗಳಿದವನಲ್ಲ. ಹೆಂಡತಿ ಸುಂಕಮ್ಮ ಮಾಡಿದ ಸಾರು ನಾಲಿಗೆಗೆ ಅಂಟಿಕೊಳ್ಳುವಂತಿದ್ದರೂ “ಉಪ್ಪು ಒಂದೀಟು ಮುಂದೈತಿ” ಅನ್ನುತ್ತಿದ್ದ. ಮಗಳು ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗ “ಹೋಗ್ಲಿ ಬಿಡವ್ವ, ಪಾಸಾದ್ಯಲ್ಲ” ಅಂದ. ಪ್ರೀತಿ ಇಲ್ಲವೆಂದಲ್ಲ. ಪೂರ್ತಿ ಹೊಗಳಿದ್ದಕ್ಕೆ ಕಣ್ಣು ಬೀಳುತ್ತದೆ ಎಂಬುದು ಅವನ ಅನುಭವ. ಇದಕ್ಕೆ ಅವನಲ್ಲಿ ಸಾಕ್ಷಿಯೂ ಇತ್ತು. ಪಂಚಾಯ್ತಿಯ ಮೋಟರು ಮೊದಲು ವರ್ಷಕ್ಕೊಂದು ಸಲ ಸುಡುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಅವನು ತನ್ನ ಹಳೆಯ ಎಡಗಾಲಿನ ಚಪ್ಪಲಿಯನ್ನು ಅದಕ್ಕೆ ಕಟ್ಟಿದ. ಅಂದಿನಿಂದ ಸುಟ್ಟಿಲ್ಲ. ಆ ವರ್ಷವೇ ಹೊಸ ವೈರಿಂಗ್ ಮಾಡಿಸಿದ್ದೂ ನಿಜ. ಆದರೆ ವೈರಿಂಗು ಎಲ್ಲ ಊರಲ್ಲೂ ಇರುತ್ತದೆ, ಚಪ್ಪಲಿ ಇದ್ದದ್ದು ಇಲ್ಲೊಂದೇ.

ಬುಧವಾರ ಹೊನ್ನೂರಸ್ವಾಮಿ ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿದ್ದ ಮಾರೇಶನ ಮೊಬೈಲ್ ಅಂಗಡಿಗೆ ಹೋದ. ಮಗಳು ಬಳಸಿ ಬಿಟ್ಟ, ಗಾಜು ಒಡೆದ ಫೋನು ಅವನ ಹತ್ತಿರವಿತ್ತು. ಹಸಿರು ಒತ್ತಿದರೆ ಮಾತು, ಕೆಂಪು ಒತ್ತಿದರೆ ಮೌನ, ಅಷ್ಟು ಗೊತ್ತಿತ್ತು.

“ಮಾರೇಶ, ನಮ್ಮ ಹುಡುಗಿ ಪಾಠಕ್ಕ ಸ್ಟಾರ್ ಒತ್ತಬೇಕಪ್ಪ.”

“ಒತ್ತೋಣಣ್ಣ. ಐದು ಒತ್ತಲಾ?”

“ತಡಿ. ಉಳಿದೋರು ಎಷ್ಟೆಷ್ಟು ಒತ್ಯಾರ ನೋಡು ಮೊದಲು.”

ಮಾರೇಶ ನೋಡಿದ. “ಎಂಬತ್ತೊಂದು ಮಂದಿ ಒತ್ಯಾರ. ಎಂಬತ್ತೊಂದೂ ಐದ. ಒಬ್ಬ ಅಂದ್ರ ಒಬ್ಬ ನಾಕು ಕೊಟ್ಟಿಲ್ಲ. ನಾನು ಇಂಥದ್ದು ನೋಡೇ ಇಲ್ಲ ಬಿಡಣ್ಣ.”

ಹೊನ್ನೂರಸ್ವಾಮಿ ಕೈಬೆರಳು ಮಡಿಸಿ ಲೆಕ್ಕ ಹಾಕಿದ. ಎಂಬತ್ತೊಂದು ಜೋಡಿ ಕಣ್ಣು, ಎಲ್ಲವೂ ಪೂರ್ತಿ ಹೊಗಳಿದ ಕಣ್ಣು, ಅವುಗಳ ನಡುವೆ ತನ್ನ ಮಗಳು ಬರಿ ಕೆನ್ನೆಯಲ್ಲಿ ಕೂತಿದ್ದಾಳೆ. ಅವಳು ಕೂಸಾಗಿದ್ದಾಗ ಸುಂಕಮ್ಮ ಹೊಸಿಲು ದಾಟಿಸುವ ಮೊದಲು ಕಾಡಿಗೆಯ ಬೊಟ್ಟು ಹಚ್ಚುತ್ತಿದ್ದದ್ದು ನೆನಪಾಯಿತು. ಈಗ ದುಬೈತನಕ ಕಳಿಸಿದ್ದಾರೆ, ಒಂದು ಬೊಟ್ಟಿಲ್ಲ.

“ಒಂದು ಒತ್ತು,” ಅಂದ.

“ಒಂದಾ?”

“ಒಂದ.”

“ಅಣ್ಣ, ಒಂದು ಅಂದ್ರ ಪಾಠ ಕೆಟ್ಟೈತಿ ಅಂತ ಅರ್ಥ.”

“ಕೆಟ್ಟದ್ದ ಬೇಕು. ದೃಷ್ಟಿಬೊಟ್ಟು ಚೆಂದ ಇರ್ತೈತೇನು? ನಿನ್ನ ಮಗಳ ಕೆನ್ನಿ ಮ್ಯಾಲ ಹಚ್ಚಿ ಕಳಿಸಿದ್ಯಲ್ಲ ಮುಂಜಾನಿ, ಏನದು, ಬಂಗಾರದ್ದ?”

ಮಾರೇಶನಿಗೆ ಎಂಟು ತಿಂಗಳ ಮಗಳು. ಅವತ್ತು ಬೆಳಗ್ಗೆ ಕೆನ್ನೆಗೊಂದು, ಹಣೆಗೊಂದು, ಅಂಗಾಲಿಗೊಂದು ಬೊಟ್ಟು ಅವನೇ ಹಚ್ಚಿದ್ದ. ಅವನು ಫೋನು ಇಸಕೊಂಡ. ಆದರೆ ಫೋನಿಗೊಂದು ಹಟವಿತ್ತು. ಪಾಠ ಕೇಳದೆ ಸ್ಟಾರ್ ಒತ್ತಗೊಡುತ್ತಿರಲಿಲ್ಲ. ಮಾರೇಶ ಮೊದಲನೇ ಪಾಠ ಹಚ್ಚಿದ. ರೀಚಾರ್ಜಿಗೆ ಬಂದು ನಿಂತಿದ್ದ ನಾಲ್ವರು ಅದನ್ನು ತಲೆದೂಗುತ್ತ ಕೇಳಿದರು. ಆಮೇಲೆ ಹೊನ್ನೂರಸ್ವಾಮಿಯ ಹೆಬ್ಬೆಟ್ಟಿನಿಂದಲೇ ಒಂದು ಸ್ಟಾರ್ ಬಿತ್ತು. ಅದರ ಕೆಳಗೆ ಬರೆಯಲು ಜಾಗವಿತ್ತು. ಹೊನ್ನೂರಸ್ವಾಮಿ ಹೇಳಿದಂತೆ ಮಾರೇಶ ಬರೆದ: ‘ಬಂಗಾರದಂಥ ಪಾಠ. ಏಳು ಊರಾಗ ಇಂಥಾ ಹುಡುಗಿ ಇಲ್ಲ. ಯಾರ ಕಣ್ಣೂ ಬೀಳದಿರಲಿ.’

“ಹೆಸರು ಏನು ಹಾಕಲಿ?”

“ನಂದು ಬ್ಯಾಡ. ಬೊಟ್ಟು ಹಚ್ಚಿದ್ದು ಹೇಳಿಕೊಂಡು ತಿರುಗಬಾರದು.”

ಮಾರೇಶ ‘ಹಿತೈಷಿ’ ಎಂದು ಹಾಕಿದ.

ಹೊನ್ನೂರಸ್ವಾಮಿ ಹಗುರಾಗಿ ಮನೆಗೆ ಹೋದ. ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ರೀಚಾರ್ಜಿಗೆ ನಿಂತಿದ್ದ ನಾಲ್ವರಲ್ಲಿ ಗಾದೆಮ್ಮ ಒಬ್ಬಳು.

ಗಾದೆಮ್ಮ ಅವನ ಓಣಿಯವಳು, ಕುರಿ ಸಾಕುವ ಮನೆಯ ಹಿರಿಯಳು. ಅರವತ್ತು ಕುರಿ, ಇಬ್ಬರು ಸೊಸೆಯರು, ಮೂರು ಫೋನು. ಯಶೋಧರಾ ಹುಟ್ಟಿದಾಗ ಬೆನ್ನು ಬಡಿದು ಮೊದಲ ಅಳು ಅಳಿಸಿದವಳು ಇವಳೇ. ಅವಳಿಗೆ ಹೊನ್ನೂರಸ್ವಾಮಿಯ ಕೆಲಸ ಮೆಚ್ಚುಗೆಯಾಯಿತು, ಆದರೆ ಸಾಲದು ಅನ್ನಿಸಿತು. ಗುರುವಾರ ಬೆಳಗ್ಗೆ ಓಣಿಯ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹೇಳಿದಳು.

“ದುಬೈತನಕ ಕೇಳ್ತಾರಂತ. ಅಷ್ಟು ಕಣ್ಣಿಗೆ ಒಂದ ಬೊಟ್ಟು ತಡಿತೈತೇನು? ಮನಿಗೊಂದು ಹಚ್ರಿ. ನಮ್ಮ ಹುಡುಗಿ ಅಲ್ಲೇನು ಅದು?”

ನಮ್ಮ ಹುಡುಗಿ ಅಲ್ಲ ಎಂದು ಹೇಳುವವರು ಆ ಓಣಿಯಲ್ಲಿ ಯಾರಿದ್ದಾರೆ. ಗಾದೆಮ್ಮನ ಸೊಸೆ ಪುಷ್ಪಲತಾ ಫೋನು ಬಲ್ಲವಳು. ಮನೆಮನೆಗೆ ಹೋಗಿ, ಮೊದಲು ಪಾಠ ಕೇಳಿಸಿ, ಆಮೇಲೆ ಒಂದು ಸ್ಟಾರ್ ಒತ್ತಿಸಿ ಬಂದಳು. ರೊಟ್ಟಿ ಬಡಿಯುವವರು ರೊಟ್ಟಿ ಬಡಿಯುತ್ತ ಕೇಳಿದರು, ಹತ್ತಿ ಬಿಡಿಸಿ ಬಂದವರು ಕಾಲು ಚಾಚಿ ಕೇಳಿದರು. ಅದೇ ಓಣಿಯ ದ್ಯಾಮಕ್ಕ ಎರಡು ಸಲ ಕೇಳಿ “ಯೊ ಅಂದ್ರ ರಿ ಅಂತಲೇ” ಎಂದು ಗಂಡನಿಗೆ ತಿಳಿಸಿ ಹೇಳಿದಳು. ಸಂಜೆಯ ಹೊತ್ತಿಗೆ ಹಿತೈಷಿ ಎರಡು, ಹಿತೈಷಿ ಮೂರು ಎಂದು ಶುರುವಾದದ್ದು ಹಿತೈಷಿ ಇಪ್ಪತ್ತೆರಡಕ್ಕೆ ಬಂದು ನಿಂತಿತು.

ಶುಕ್ರವಾರ ಪಾಠದ ದಿನ. ಹೊನ್ನೂರಸ್ವಾಮಿ ಎಂದಿನಂತೆ ಗೋಡೆಗೆ ಒರಗಿ ಕೂತ. ಏಳಾಯಿತು, ಏಳೂ ಇಪ್ಪತ್ತಾಯಿತು, ಏಳೂ ಮೂವತ್ತಾಯಿತು. ಕೌದಿಯ ಒಳಗಿನಿಂದ ಒಂದು ಸದ್ದಿಲ್ಲ. ಹೊರಗೆ ನಲ್ಲಿಯ ಹತ್ತಿರ ಕೊಡಗಳು ಒಂದಕ್ಕೊಂದು ಬಡಿಯುತ್ತಿದ್ದವು. ಕೊನೆಗೆ ಎದ್ದು ಹೋಗಿ ಕೌದಿ ಸರಿಸಿದ. ಯಶೋಧರಾ ಜೋಳದ ಚೀಲಕ್ಕೆ ಒರಗಿ, ಫೋನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಯಪ್ಪ, ನಮಗೆ ಯಾರ ಜೊತಿಗರ ಹಗೆ ಐತೇನು?”

“ಯಾಕವ್ವ?”

“ನೂರು ಮಂದಿ ದಾಟಿತು. ಬುಧವಾರದಿಂದ ಇಪ್ಪತ್ತೆರಡು ಮಂದಿ ಹೊಸಬರು.”

ಹೊನ್ನೂರಸ್ವಾಮಿಯ ಮುಖ ಅರಳಿತು. “ಮತ್ತ ಆತಲ್ಲ, ನೂರು ಬೇಕಂದಿದ್ರು.”

“ನೂರು ಮಂದಿ ಆದ್ರ ಆಗಲ್ಲಪ್ಪ. ಎಲ್ಲಾ ಕೂಡಿಸಿ ಭಾಗಿಸಿದ್ರ ನಾಕೂವರಿ ಮ್ಯಾಲ ಬರಬೇಕು. ಬುಧವಾರತನಕ ಐದು ಇತ್ತು, ಪೂರಾ ಐದು. ಈಗ ನಾಕಕ್ಕ ಇಳದೈತಿ. ಇಪ್ಪತ್ತೆರಡು ಮಂದಿನೂ ಒಂದೊಂದ ಕೊಟ್ಟಾರ.” ಅವಳು ಫೋನು ಎತ್ತಿದಳು. “ಬೈದಿದ್ರ ತಿದ್ದಿಕೊಳ್ತಿದ್ದೆ. ಇದು ನೋಡು. ‘ಸರಸ್ವತಿ ನಾಲಿಗಿ ಮ್ಯಾಲ ಕೂತಾಳ, ನೂರು ವರ್ಷ ಬಾಳಲಿ.’ ಒಂದು ಸ್ಟಾರ್. ‘ಕೇಳಿ ಕಣ್ಣಾಗ ನೀರು ಬಂತು ತಂಗಿ.’ ಒಂದು ಸ್ಟಾರ್. ಹಿಂಗ ಹೊಗಳಿ ಹೊಗಳಿ ಹೊಡೆಯೋರು ಯಾರಪ್ಪ ಇವರು?”

ನೂರರ ಲೆಕ್ಕ ಹೊನ್ನೂರಸ್ವಾಮಿಗೆ ಗೊತ್ತಿತ್ತು. ನಾಲ್ಕೂವರೆಯ ಲೆಕ್ಕ ಇದ್ದದ್ದು ಗೊತ್ತಿರಲಿಲ್ಲ. ಹೇಳಿಬಿಡಬೇಕು ಎಂದು ಬಾಯಿ ತೆರೆದ. ಅಷ್ಟರಲ್ಲಿ ಅಡುಗೆಮನೆಯಿಂದ ಸುಂಕಮ್ಮ ಬಂದಳು, ಕೈಯಲ್ಲಿ ಹಿಟ್ಟು.

“ಯಾವ ಹಾಳಾದೋರು ಅವರು? ಅವರ ಮನಿ ಒಲಿ ಹೊಗಿ ಕಾರ್ತಾ ಇರಲಿ. ಅವರ ಕೊಡಕ್ಕ ತೂತು ಬೀಳಲಿ. ಮೊದಲು ಒತ್ತಿದವ ಯಾವನದಾನ, ಅವನ ಹೆಬ್ಬೆಟ್ಟಿಗೆ ಉಗುರುಸುತ್ತು ಆಗಲಿ.”

ಹೊನ್ನೂರಸ್ವಾಮಿ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ಬಾಯಿ ಮುಚ್ಚಿದ. ಯಶೋಧರಾ ಎದ್ದು, ಒಂದು ಕೌದಿ ಬಿಚ್ಚಿ ಮಡಿಸತೊಡಗಿದಳು. ಅವನಿಗೆ ಅದನ್ನು ನೋಡಲಾಗಲಿಲ್ಲ. ಹೊರಗೆ ಹೋಗಿ ಮೋಟರ್ ಹಾಕಿ, ಅಲ್ಲಿಂದ ನೆಟ್ಟಗೆ ಗಾದೆಮ್ಮನ ಹಟ್ಟಿಗೆ ನಡೆದ.

“ಗಾದೆಮ್ಮಕ್ಕ, ಕೆಲಸ ಕೆಟ್ಟೈತಿ. ಆ ಬೊಟ್ಟು ಅಳಿಸಬೇಕು. ಒಂದು ಇದ್ದದ್ದು ಐದು ಮಾಡಸು.”

ಗಾದೆಮ್ಮ ಕುರಿಯ ಕಾಲು ಹಿಡಿದು ಗೊರಸು ನೋಡುತ್ತಿದ್ದಳು. ತಲೆ ಎತ್ತಲಿಲ್ಲ. “ಕೂಸು ಹೊರಗ ಹೋಗಿ ಇನ್ನಾ ಮನಿಗೆ ಬಂದಿಲ್ಲ, ನಡುದಾರ್ಯಾಗ ಬೊಟ್ಟು ಅಳಸ್ತಾರೇನೋ ತಮ್ಮಾ?”

“ಅಲ್ಲಕ್ಕ, ಭಾಗಿಸಿದ್ರ ಕಮ್ಮಿ ಬರ್ತೈತಿ.”

“ಏನು ಭಾಗಸ್ತಾರ? ಹುಡುಗಿನ್ನ?”

“ಸ್ಟಾರು.”

“ಬೊಟ್ಟು ಭಾಗಿಸಿದ್ದು ನಾನು ನೋಡಿಲ್ಲ. ಶನಿವಾರ ಸಂಜಿಗೆ ಅಕಿ ಕೆಲಸ ಆಗಲಿ, ನಾನ ಅಳಸ್ತೀನಿ. ಎಣ್ಣಿ ಹಚ್ಚಿ ಒರಸ್ತೀನಿ ಬೇಕಾದ್ರ.”

ಬೊಟ್ಟು ಇರುವುದರಿಂದಲೇ ಕೆಲಸ ಆಗುವುದಿಲ್ಲ ಎಂಬುದನ್ನು ಹೊನ್ನೂರಸ್ವಾಮಿ ಮೂರು ರೀತಿಯಲ್ಲಿ ಹೇಳಿ ನೋಡಿದ. ಮೂರನೆಯ ಸಲಕ್ಕೆ ಅವನಿಗೇ ಅನುಮಾನ ಬಂತು. ಅವಳು ಹೇಳಿದ್ದು ಅವನ ಮಾತೇ ಆಗಿತ್ತು. ತನ್ನ ಮಾತನ್ನು ತಾನೇ ಸುಳ್ಳು ಮಾಡುವ ಅಭ್ಯಾಸ ಅವನಿಗಿರಲಿಲ್ಲ. ಮಾರೇಶನ ಅಂಗಡಿಗೆ ಹೋಗಿ ತನ್ನದೊಂದನ್ನು ಐದು ಮಾಡಿಸಿದ. ಮಾರೇಶ ಲೆಕ್ಕ ಹಾಕಿ ಹೇಳಿದ, “ಇನ್ನೊಂದು ಒಂಬತ್ತು ಮಂದಿ ತಿದ್ದಿದ್ರ ಸಾಕಣ್ಣ, ದಾಟ್ತೈತಿ.”

ಶನಿವಾರ ಬೆಳಗ್ಗೆ ಹೊನ್ನೂರಸ್ವಾಮಿ ಒಂದು ಹಂಚಿಕೆ ಹಾಕಿದ. ಇಡೀ ಓಣಿ ಒಂದೇ ಕಡೆ ಸಿಗುವುದು ನಲ್ಲಿಯ ಹತ್ತಿರ. ಅಲ್ಲಿ ನಿಂತು ಕೈ ಮುಗಿದು ಕೇಳಿದರೆ ಒಂಬತ್ತು ಮಂದಿ ಸಿಗಲಾರರೇ? ಅವನು ಹೋಗಿ ನಿಂತ. ಕೈ ಮುಗಿಯಬೇಕಾದ ಕೈಯಲ್ಲಿ ವಾಲ್ ಕೀಲಿ ಇತ್ತು, ಅದು ಯಾವಾಗಲೂ ಇರುವುದು. ಮೋಟರ್ ಇನ್ನೂ ಹಾಕಿರಲಿಲ್ಲ, ಮರೆತಿದ್ದ. “ಎಲ್ಲಾರೂ ಫೋನು ತಗೊಂಡು ಬರ್ರಿ, ಸ್ಟಾರ್ ತಿದ್ದೋದೈತಿ,” ಅಂದ. ಕೀಲಿ ಹಿಡಿದ ಮನುಷ್ಯ, ಒಣಗಿದ ನಲ್ಲಿ, ಫೋನು ತನ್ನಿ ಎಂಬ ಮಾತು. ಮೂರನ್ನೂ ಕೂಡಿಸಿ ಜನ ಏನು ತಿಳಿಯಬೇಕೋ ಅದನ್ನೇ ತಿಳಿದರು. ಯಾರೋ ಪಂಚಾಯ್ತಿಗೆ ಫೋನು ಮಾಡಿದರು: ಸ್ಟಾರ್ ಒತ್ತದಿದ್ದರೆ ನೀರು ಬಂದ್ ಅಂತೆ.

ಪಿಡಿಓ ಪ್ರವೀಣಕುಮಾರ್ ಹರಪನಹಳ್ಳಿ ಕಡೆಯವರು, ತಾಳ್ಮೆಯ ಮನುಷ್ಯ. ಬೈಕು ನಿಲ್ಲಿಸಿ ಇಳಿದಾಗ ಅವರ ಕಿವಿಗೆ ಬಿದ್ದದ್ದು ನಲವತ್ತು ಹೆಣ್ಣುಮಕ್ಕಳು ಖಾಲಿ ಕೊಡ ಬಡಿಯುತ್ತ ಒಂದೇ ದನಿಯಲ್ಲಿ “ಮುಲ್ ಜುಸೆಯೊ, ಮುಲ್ ಜುಸೆಯೊ” ಎಂದು ಕೂಗುತ್ತಿರುವುದು.

“ಏನಿದು? ಯಾವ ಸಂಘಟನೆ ಘೋಷಣೆ ಇದು?”

“ಕೊರಿಯನ್ನು ಸಾಹೇಬ್ರ,” ಅಂದಳು ದ್ಯಾಮಕ್ಕ. “ನೀರು ಕೊಡ್ರಿ ಅಂದಂಗ.”

“ಕನ್ನಡದಲ್ಲಿ ಕೇಳಿದ್ರೆ ಬರ್ತಿರಲಿಲ್ವ?”

“ಬರ್ತಿತ್ರಿ. ಮಂಗಳವಾರ, ಶುಕ್ರವಾರ ಇಪ್ಪತ್ತು ನಿಮಿಷ ತಡ ಆಗಿ.”

ಹೊನ್ನೂರಸ್ವಾಮಿಯ ಕಿವಿ ಕೆಂಪಾಯಿತು. ಓಣಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಎರಡು ವರ್ಷ ಕರೆಂಟು ಸಣ್ಣಗಿದೆಯೆಂದು ನಂಬಿದಂತೆ ನಿಂತಿದ್ದರು.

ಗದ್ದಲಕ್ಕೆ ಸುಂಕಮ್ಮ ಮತ್ತು ಯಶೋಧರಾ ಹೊರಗೆ ಬಂದರು. ಪಿಡಿಓ ಸಾಹೇಬರು ರಿಜಿಸ್ಟರ್ ತೆಗೆದು ಪೆನ್ನಿನ ಟೋಪಿ ಬಿಚ್ಚಿದರು. “ಹೊನ್ನೂರಸ್ವಾಮಿ, ಏನು ನಡೆದದ್ದು ಮೊದಲಿಂದ ಹೇಳಿ.”

ಹೊನ್ನೂರಸ್ವಾಮಿ ಹೇಳಿದ. ನೆಲ ನೋಡುತ್ತ, ಎಂಬತ್ತೊಂದರಿಂದ ಶುರುಮಾಡಿ, ಬೊಟ್ಟು, ಹಿತೈಷಿ, ನಾಲ್ಕೂವರೆ, ಎಲ್ಲವನ್ನೂ. ಸಾಹೇಬರು ಮೊದಲ ಸಾಲು ಬರೆದು, ಎರಡನೆಯದನ್ನು ಅರ್ಧ ಬರೆದು, ಪೆನ್ನು ಮುಚ್ಚಿದರು. ಸುಂಕಮ್ಮ ಗಂಡನ ಹತ್ತಿರ ಸರಿದು, ಅವನ ಹೆಬ್ಬೆಟ್ಟು ಹಿಡಿದು ತಿರುಗಿಸಿ ನೋಡಿದಳು. “ಉಗುರುಸುತ್ತು ವಾಪಸ್ ತಗೊಂಡೆ,” ಅಂದಳು ಸಣ್ಣ ದನಿಯಲ್ಲಿ. “ಉಳಿದದ್ದು ಆಮೇಲೆ ನೋಡ್ತೀನಿ.”

ಆಗ ಗಂಟೆ ಹನ್ನೊಂದು. ಸಂಜೆ ಐದಕ್ಕೆ ಲೆಕ್ಕ ಮುಗಿಯುವುದು. ಗಾದೆಮ್ಮನೇ ಮುಂದೆ ಬಂದಳು.

“ಯಶೋಧಾ, ನಿಮ್ಮಪ್ಪನ್ನ ಬೈಬ್ಯಾಡವ್ವ. ನಾನ ಮನಿಗೊಂದು ಹಚ್ಚಿಸಿದ್ದು. ಆದ್ರ ಕೇಳು, ನಿನಗ ಬೊಟ್ಟಿಲ್ಲದಂಗ ಕಳಿಸಾಕ ನನ್ನ ಕೈಲೆ ಆಗಲ್ಲ.”

ಹುಡುಗಿ ಅವಳ ಮುಖವನ್ನೇ ನೋಡಿದಳು. “ದೊಡ್ಡವ್ವ, ನಿನ್ನ ಮೊಮ್ಮಗಳು ಸಾಲಿಗೆ ಹೋಗುವಾಗ ಬೊಟ್ಟು ಎಲ್ಲಿಗೆ ಹಚ್ತೀಯ?”

“ಕೆನ್ನಿಗೆ. ಮತ್ತೆಲ್ಲಿಗೆ?”

“ಅಕಿ ಅಂಕಪಟ್ಟಿಗೆ ಹಚ್ಚೀಯೇನು?”

“ಅದಕ್ಕ್ಯಾಕ ಹಚ್ಚಲಿ? ಮಾಸ್ತರು ಬರೆದದ್ದು ಅಳಿಸಿ ಹೋಗ್ತೈತಿ.”

“ಸ್ಟಾರು ನನ್ನ ಅಂಕಪಟ್ಟಿ ದೊಡ್ಡವ್ವ. ಕೆನ್ನಿ ಇಲ್ಲೈತಿ.” ಯಶೋಧರಾ ಫೋನು ಮುಂದೆ ಹಿಡಿದಳು. ಪಾಡ್‌ಕಾಸ್ಟಿನ ಹೆಸರಿನ ಮೇಲೆ ಅವಳದೊಂದು ಚಿತ್ರವಿತ್ತು, ಹಿಂದೆ ಕೌದಿ, ಮುಂದೆ ನಗುಮುಖ. ಬೆರಳಾಡಿಸಿ ಆ ಚಿತ್ರದ ಎಡಗೆನ್ನೆಗೆ ಒಂದು ಕರಿ ಬೊಟ್ಟು ಇಟ್ಟಳು.

ಗಾದೆಮ್ಮ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. “ಸಣ್ಣದಾತು. ಇಷ್ಟಕ್ಕ ದುಬೈದೋರಿಗೆ ಕಾಣ್ತೈತೇನು?”

ಸಾಸಿವೆಯಷ್ಟಿದ್ದ ಬೊಟ್ಟು ಹೆಸರುಕಾಳಿನಷ್ಟಾಯಿತು. “ಇನ್ನೊಂದೀಟು.” ಅವರೆಕಾಳಿನಷ್ಟಾಯಿತು. “ಈಗ ಹೌದು. ಪುಷ್ಪಿ, ಫೋನು ತಗೊಂಡು ಬಾ.”

ಚಿತ್ರ ಬದಲಾಗಿ ಎಲ್ಲರ ಫೋನಿನಲ್ಲೂ ಕಾಣಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಓಣಿಯವರು ಸಾಲಾಗಿ ಬಂದರು. ಪ್ರತಿಯೊಬ್ಬರೂ ಮೊದಲು ಚಿತ್ರ ತೆಗೆದು ಬೊಟ್ಟು ಇದೆಯೇ ಎಂದು ನೋಡಿ, ಆಮೇಲೆ ಒಂದನ್ನು ಐದು ಮಾಡಿದರು. ಪಿಡಿಓ ಸಾಹೇಬರು ನೀರು ಬಿಡಿಸಿದ ಮೇಲೂ ಹೋಗಿರಲಿಲ್ಲ. ಮೋಟರ್ ಮನೆಯ ನೆರಳಲ್ಲಿ ನಿಂತು ಮೊದಲನೇ ಪಾಠವನ್ನು ಪೂರ್ತಿ ಕೇಳಿದರು, ಆಮೇಲೆ ಎರಡನೆಯದನ್ನೂ ಕೇಳಿದರು.

“ನಮಗೆ ಕೊಡೋ ತರಬೇತಿಗಳಲ್ಲಿ ಒಂದೂ ಇಷ್ಟು ತಿಳಿಯಂಗಿಲ್ಲ,” ಎಂದು ತಮ್ಮ ಫೋನು ತೆಗೆದರು. ನಾಲ್ಕು ಸ್ಟಾರ್ ಒತ್ತಿದರು.

“ಐದು ಒತ್ರಿ ಸಾಹೇಬ್ರ,” ಅಂದ ಅಂಗಡಿ ಬಿಟ್ಟು ಬಂದಿದ್ದ ಮಾರೇಶ.

“ಪೂರ್ತಿ ಐದು ಕೊಟ್ರೆ ಆಡಿಟ್‌ನಲ್ಲಿ ಕೇಳ್ತಾರೆ. ಇರಲಿ.”

ಹೊನ್ನೂರಸ್ವಾಮಿಗೆ ಆ ಮನುಷ್ಯನ ಮೇಲೆ ಅವತ್ತು ಹುಟ್ಟಿದ ಗೌರವ ಇನ್ನೂ ಇಳಿದಿಲ್ಲ.

ಸಂಜೆ ಐದು ಬಡಿಯಲು ಹತ್ತು ನಿಮಿಷವಿದ್ದಾಗ ಲೆಕ್ಕ ಐದಕ್ಕೆ ಒಂದು ಕೂದಲೆಳೆ ಕಡಿಮೆ ಬಂದು ನಿಂತಿತು. ಆ ಕೂದಲೆಳೆ ಸಾಹೇಬರದು. “ಸರಕಾರದ್ದೂ ಒಂದು ಬೊಟ್ಟು ಬಿತ್ತು,” ಎಂದು ಗಾದೆಮ್ಮ ಸಮಾಧಾನದಿಂದ ಕುರಿ ದೊಡ್ಡಿಗೆ ಹೋದಳು. ಮರುವಾರ ಬೆಂಗಳೂರಿನವರು ಫೋನಿನಲ್ಲೇ ಪರೀಕ್ಷೆ ಮಾಡಿ, ಯಶೋಧರಾಳನ್ನು ತೆಗೆದುಕೊಂಡರು. ಹೊಸಪೇಟೆಯ ಸೀರೆ ಅಂಗಡಿಗೆ ಬೇರೆ ಹುಡುಗಿ ಸಿಕ್ಕಳು. ಮಡಿಸಿದ್ದ ಕೌದಿ ಮತ್ತೆ ಇಳಿಬಿತ್ತು. ಪಂಚಾಯ್ತಿಯ ಗೋಡೆಗೆ ಒಂದು ಚೀಟಿ ಅಂಟಿತು: ತಾಂತ್ರಿಕ ಕಾರಣದಿಂದ ಮಂಗಳವಾರ ಮತ್ತು ಶುಕ್ರವಾರ ನೀರು ಬಿಡುವ ಸಮಯ ಏಳು ಗಂಟೆ ಇಪ್ಪತ್ತು ನಿಮಿಷ. ಹೀಗೆ ಹೊನ್ನೂರಸ್ವಾಮಿಯ ನೌಕರಿಯಲ್ಲಿದ್ದ ಒಂದೇ ಒಂದು ಅಕ್ರಮವೂ ಅಳಿಸಿಹೋಯಿತು.

ಆದರೆ ಒಂದು ತಿಂಗಳಿಗೆ ಮಾರೇಶ ಅಂಗಡಿಯಿಂದ ಕೂಗಿ ಕರೆದ. ಸಂಸ್ಥೆಯವರು ತಮ್ಮ ಜಾಹೀರಾತಿಗೆ ಯಶೋಧರಾಳ ಅದೇ ಚಿತ್ರ ಹಾಕಿದ್ದರು. ಅಲ್ಲಿ ಯಾರೋ ಅಚ್ಚುಕಟ್ಟಿನ ಮನುಷ್ಯ, ಕೆನ್ನೆಯ ಮೇಲೆ ಕಲೆ ಬಿದ್ದಿದೆ ಎಂದು ತಿಳಿದು ಬೊಟ್ಟನ್ನು ಒರೆಸಿ ನುಣ್ಣಗೆ ಮಾಡಿದ್ದ.

ಹೊನ್ನೂರಸ್ವಾಮಿ ಚಿತ್ರವನ್ನು ಬಹಳ ಹೊತ್ತು ನೋಡಿದ. “ಮಾರೇಶ, ಆ ಒಂದು ಒತ್ತೋದು ಎಲ್ಲೈತಿ?” ಎಂದು ಕೇಳುವವನಿದ್ದ. ಕೇಳಲಿಲ್ಲ. ಅಷ್ಟು ಬುದ್ಧಿ ಬಂದಿತ್ತು. ಎದೆಯೊಳಗೆ ಭಾರ ಇಟ್ಟುಕೊಂಡೇ ಮನೆಗೆ ಬಂದ.

ಮರುದಿನ ಬೆಳಗ್ಗೆ ತರಗತಿ ನಡೆದಿತ್ತು. ಮೆಲ್ಲಗೆ ಕೌದಿಯ ಅಂಚು ಸರಿಸಿ ಇಣುಕಿದ. ಯಶೋಧರಾ ಪಾಠ ಹೇಳುತ್ತಿದ್ದಳು. ಅವಳ ಎಡಗೆನ್ನೆಯ ಮೇಲೆ ಕಾಡಿಗೆಯ ಬೊಟ್ಟು, ಅವರೆಕಾಳಿನಷ್ಟು, ಮುಂಜಾನೆ ಸುಂಕಮ್ಮನ ಡಬ್ಬಿಯಿಂದ ತೆಗೆದು ಹಚ್ಚಿಕೊಂಡದ್ದು. ಎದುರಿಗೆ ಸಂಸ್ಥೆಯವರು ಕಳಿಸಿದ್ದ ಕಂಪ್ಯೂಟರಿನ ಪರದೆಯ ಮೇಲೆ ನಲವತ್ತು ಸಣ್ಣ ಸಣ್ಣ ಚೌಕ, ಚೌಕಕ್ಕೊಂದು ಮುಖ. ಹರಿಹರದವರಂತೆ, ಮಂಡ್ಯದವರಂತೆ, ಮೀಸೆಯವರು, ಕನ್ನಡಕದವರು, ಕಾಲೇಜಿನ ಹುಡುಗಿಯರು. ಹಿಂದಿನ ಪಾಠದಲ್ಲಿ ಅಪ್ಪನ ಕಥೆಯನ್ನೇ ಕೊರಿಯನ್ನಿನಲ್ಲಿ ಹೇಳಿ, ಬಿಡಿಸಿ ಬಿಡಿಸಿ ಅರ್ಥ ಮಾಡಿಸಿದ್ದಳು. ಅದನ್ನು ಕೇಳಿದ ವಿದ್ಯಾರ್ಥಿಗಳು ಟೀಚರಿಗೆ ಗೌರವ ತೋರಿಸುವ ಕ್ರಮ ಇದೇ ಇರಬೇಕೆಂದು ತಿಳಿದರೋ, ಪ್ರೀತಿಗೆ ಮಾಡಿದರೋ, ನಲವತ್ತು ಎಡಗೆನ್ನೆಗಳ ಮೇಲೂ ನಲವತ್ತು ಕರಿ ಬೊಟ್ಟು.

ಹೊನ್ನೂರಸ್ವಾಮಿ ಅವುಗಳನ್ನು ಒಂದೊಂದಾಗಿ ಎಣಿಸಿದ. ಒಂದೂ ಕಡಿಮೆ ಇರಲಿಲ್ಲ.

ಪಾಠ ಮುಗಿಸಿ ಯಶೋಧರಾ ತಿರುಗಿ ನೋಡಿದಳು. “ಯಾವಾಗ ಬಂದಿಯಪ್ಪ? ಹೆಂಗಿತ್ತು?”

ಉಪ್ಪು ಒಂದೀಟು ಮುಂದೈತಿ ಎಂಬಂಥ ಮಾತು ಅವನ ನಾಲಿಗೆಯ ತುದಿಗೆ ಬಂತು. ಅವನು ಇನ್ನೊಂದು ಸಲ ಅವಳ ಕೆನ್ನೆ ನೋಡಿದ. ಇನ್ನು ಪರವಾಗಿಲ್ಲ ಅನ್ನಿಸಿತು.

“ಬಾಳ ಚಲೋ ಇತ್ತವ್ವ,” ಅಂದ. “ಒಂದು ಮಾತು ತೆಗಿಯಾಕ ಬರಂಗಿಲ್ಲ.”

ಯಶೋಧರಾ ಇಪ್ಪತ್ತಮೂರು ವರ್ಷದಲ್ಲಿ ಅಪ್ಪನ ಬಾಯಿಂದ ಅಂಥ ಮಾತು ಕೇಳಿರಲಿಲ್ಲ. ಅವಳು ಕೌದಿ ಸರಿಸಿ ಎದ್ದು ಬರುವಷ್ಟರಲ್ಲಿ ಅವನು ಕೀಲಿ ಎತ್ತಿಕೊಂಡು ಹೊರಗೆ ಹೋಗಿಯಾಗಿತ್ತು. ಮೋಟರ್ ಹಾಕುವ ಮುನ್ನ ಹಳೆಯ ಚಪ್ಪಲಿಯ ಗಂಟು ಬಿಗಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದ.